ಗೊತ್ತಿಲ್ಲ ಎಂಬ ಕಾಲಂ

ಸೋಮವಾರ ಬೆಳಿಗ್ಗೆ ಎಂಟಕ್ಕೆ ಪರೀಕ್ಷೆ. ಪಾಸಾದರೆ ಚಿಕ್ಕಮ್ಮ ಗಾಜಿನ ಮನೆಯಲ್ಲಿ ಹುಳ ನೋಡುವ ಕೆಲಸದಲ್ಲೇ ಉಳಿಯುತ್ತಾಳೆ. ಇಲ್ಲದಿದ್ದರೆ ಟೊಮ್ಯಾಟೊ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಶೆಡ್ಡಿಗೆ. ಹತ್ತೊಂಬತ್ತು ವರ್ಷ ಗಿಡಗಳ ನಡುವೆ ಓಡಾಡಿದವಳಿಗೆ ಶೆಡ್ಡು ಎಂದರೆ ಮೈಯೆಲ್ಲ ಉರಿ.

ತಪ್ಪು ಅವಳದೇ. ಕಣ್ಣು ಮಂಜಾಗಿ ಒಂದು ವರ್ಷ ಆಗಿತ್ತು. ಕನ್ನಡಕ ಬದಲಿಸಿದರೂ ಹತ್ತಿರದ್ದೆಲ್ಲ ಕದಡಿದ ನೀರು. ಅವಳ ಜೊತೆ ಓಡಾಡಿ ಹುಳದ ಲೆಕ್ಕದ ಪುಸ್ತಕ ಬರೆಯುವ ನನಗೂ ಹೇಳಿರಲಿಲ್ಲ. ಹೋದ ವಾರ ಆರನೇ ಸಾಲಿನಲ್ಲಿ, ಎಲೆಯ ಕೆಳಗೆ ಬೆಳ್ಳಗೆ ಕಂಡದ್ದನ್ನು ಬಿಳಿನೊಣ ಅಂದಳು. ಪುಸ್ತಕದಲ್ಲಿರುವುದು ಎರಡೇ ಕಾಲಂ: ಹೌದು, ಇಲ್ಲ. ನಾನು 'ಹೌದು' ಕೆಳಗೆ ಗೀಟು ಹಾಕಿದೆ. ಔಷಧಿ ಹೊಡೆದರು. ಆಮೇಲೆ ಗೊತ್ತಾಯಿತು, ಅವು ಗಿಡಹೇನು ಕಳಚಿಟ್ಟ ಪೊರೆಗಳು. ಆ ಔಷಧಿಗೆ ಹೇನು ಜಗ್ಗಲಿಲ್ಲ. ಹೂಗಳಿಗೆ ಪರಾಗ ತಾಗಿಸಲೆಂದು ಇಟ್ಟಿದ್ದ ದುಂಬಿಗಳ ಮೂರು ಪೆಟ್ಟಿಗೆ ಮಾತ್ರ ಸದ್ದಡಗಿದವು. ಈಗ ಅಲ್ಲಿ ಹೂವು ಕಾಯಿ ಕಟ್ಟದೆ ಉದುರುತ್ತಿದೆ.

"ನನ್ನ ಕೇಳಿದ್ರೆ ನೋಡಿ ಹೇಳ್ತಿದ್ದೆ," ಅಂದೆ.

"ಕೇಳಲಿಲ್ವಲ್ಲ. ಜಂಭ," ಅಂದಳು.

ಮೇಲ್ವಿಚಾರಕನನ್ನು ನಾವು ಕರೆಯುವುದು ಇಸ್ತ್ರಿ ಅಂತ. ಪ್ಯಾಂಟಿನ ಮಡಿಕೆ ಕಾಗದ ಕತ್ತರಿಸುವಷ್ಟು ಚೂಪು. ಅದು ಕೆಟ್ಟೀತೆಂದು ಮನುಷ್ಯ ಬಗ್ಗುವುದೇ ಇಲ್ಲ. ಪರೀಕ್ಷೆಗೆಂದು ಆಫೀಸಿನ ಮೇಜಿನ ಮೇಲೆ ಹತ್ತು ಪುಟ್ಟ ಬಾಟಲಿ ಸಾಲಾಗಿಟ್ಟಿದ್ದ. ಒಳಗೆ ಸ್ಪಿರಿಟ್ಟಿನಲ್ಲಿ ಮುಳುಗಿದ ಹುಳಗಳು. ಮೊದಲನೆಯದು ಕಾಯಿಕೊರಕ, ಬೆರಳ ದಪ್ಪವಿತ್ತು, ಚಿಕ್ಕಮ್ಮ ಹೇಳಿದಳು. ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ, ಕೆಳಗಿಟ್ಟಳು.

"ಸರ್, ನನಗೆ ಕಣ್ಣು ಸರಿಯಾಗಿ ಕಾಣಲ್ಲ."

ಇಸ್ತ್ರಿ ಪೆನ್ನಿಗೆ ಮುಚ್ಚಳ ಹಾಕಿದ. "ಹಾಗಾದ್ರೆ ಮುಗೀತಲ್ಲಮ್ಮ."

"ಎಲ್ಲಿ ಮುಗೀತು? ಸತ್ತಿರೋದು ಎಲೆ ತಿನ್ನಲ್ಲ ಸರ್. ತಿಂತಿರೋದರ ಹತ್ರ ಕರ್ಕೊಂಡು ಹೋಗಿ. ನೀವು ಹೇಳಿದ ಸಾಲು, ನೀವು ಹೇಳಿದ ಗಿಡ."

ಗಾಜಿನ ಮನೆಯೊಳಗೆ ಹೋದ ಮೇಲೆ ಅವಳು ಕಣ್ಣು ಪೂರ್ತಿ ಮುಚ್ಚಿಕೊಂಡಳು. ಅರೆಬರೆ ಕಾಣುವುದೇ ಮೋಸ ಅಂದಳು.

ಒಂದನೇ ಸಾಲು. ಹೂವಿನೊಳಕ್ಕೆ ಬಿಸಿ ಉಸಿರು ಬಿಟ್ಟು, ಮಣಿಕಟ್ಟಿನ ಮೇಲೆ ಕೊಡವಿದಳು. "ಥ್ರಿಪ್ಸ್. ಕಚಗುಳಿ ಇಡ್ತಿವೆ. ಐದೋ ಆರೋ." ನಾನು ಎಣಿಸಿದೆ. ದಾರದ ಚೂರಿನಂಥ ಪುಟ್ಟ ಹುಳಗಳು, ಆರು.

ಮೂರನೇ ಸಾಲು. ಎಲೆಯ ಅಡಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ಮರಳು ಮರಳು. ನೂಲೂ ಇದೆ. ಕೆಂಪು ನುಸಿ. ರಸ ಹೀರಿ ಹೀರಿ ಮೇಲೆಲ್ಲ ಹಳದಿ ಚುಕ್ಕೆ ಎದ್ದಿರಬೇಕು."

"ಇದೆ," ಅಂದ ಇಸ್ತ್ರಿ.

"ಇರದೆ ಎಲ್ಲಿಗೆ ಹೋಗುತ್ತೆ?"

ಅವನು ಬಗ್ಗದೆ, ಪುಸ್ತಕದಲ್ಲಿ ಗೀಟು ಹಾಕುತ್ತ ಬಂದ. ಆರನೇ ಸಾಲು ಬಂತು. ಅವಳ ಬೆರಳು ಎಲೆಗೆ ಅಂಟಿಕೊಂಡಿತು.

"ರಸ ಕುಡಿಯೋ ಯಾವುದೋ ಸಿಹಿ ಉಚ್ಚೆ ಹೊಯ್ದಿದೆ." ಗಿಡ ಅಲ್ಲಾಡಿಸಿ ಮುಖ ಒಡ್ಡಿದಳು. ಏನೂ ಹಾರಲಿಲ್ಲ. "ಈ ಚಳೀಲಿ ಬಿಳಿನೊಣ ಇದ್ರೂ ಹಾರಲ್ಲ."

"ನೊಣವೋ, ಹೇನೋ?"

ಅವಳ ಪಕ್ಕ ಕುಕ್ಕರಿಸಿದ್ದ ನನಗೆ ಕಾಣುತ್ತಿತ್ತು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು. ಚಿಕ್ಕಮ್ಮ ನನ್ನ ಕಡೆ ತಲೆ ತಿರುಗಿಸಿ, "ನೀನು ಗಂಟಲು ಸರಿಮಾಡ್ಕೋಬೇಡ," ಅಂದಳು. ಆಮೇಲೆ, "ಗೊತ್ತಿಲ್ಲ ಸರ್. ಮೊನ್ನೆ ಇಲ್ಲಿ ಹೇನಿತ್ತು ಅಂತ ಇವತ್ತೂ ಅದೇ ಅನ್ನೋಕಾಗಲ್ಲ."

"ಎರಡರಲ್ಲಿ ಒಂದು ತಾನೇ? ಹೇಳಿಬಿಡಿ. ಸರಿಯಾದ್ರೆ ಕೆಲಸ ನಿಮ್ಮದು."

"ಹೋದ ವಾರ ಹಾಗೇ ಹೇಳಿಬಿಟ್ಟೆ. ಹೋಗಿ ಆ ಪೆಟ್ಟಿಗೆಗಳಿಗೆ ಕಿವಿ ಇಟ್ಟು ನೋಡಿ. ಶೆಡ್ಡಿಗೆ ಹಾಕೋದಾದ್ರೆ ಹಾಕಿ, ಚೀಟಿ ಅಂಟಿಸ್ತೀನಿ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತಲೇ ಬರೀರಿ."

"ಅದಕ್ಕೆ ಕಾಲಂ ಇಲ್ಲಮ್ಮ."

"ಗೀಟು ಎಳೆದ್ರೆ ಆಗುತ್ತೆ." ಕೊರಳಿನ ಭೂತಗನ್ನಡಿ ತೆಗೆದಳು. ನನಗೆ ಕೊಡುತ್ತಾಳೆಂದು ಕೈ ಚಾಚಿದೆ. ಅವನ ಕಡೆ ಹಿಡಿದಳು. "ನೋಡಿ ಹೇಳಿ."

ಇಸ್ತ್ರಿ ಒದ್ದೆ ನೆಲ ನೋಡಿದ, ಪ್ಯಾಂಟು ನೋಡಿದ. ಎಲೆ ಮೊಣಕಾಲಿಗಿಂತ ಕೆಳಗಿತ್ತು. ಕೊನೆಗೆ ಮಂಡಿಯೂರಿದ.

"ಹಸಿರಾಗಿವೆ... ಹೇನೇ. ಕೆಲವು ಉಬ್ಬಿವೆ, ಕಂದು ಬಣ್ಣ. ಅಲುಗಾಡ್ತಿಲ್ಲ."

"ಬೆನ್ನಲ್ಲಿ ತೂತು?"

"ಹೂಂ. ಸೂಜೀಲಿ ಚುಚ್ಚಿದ ಹಾಗೆ."

"ಹತ್ತಕ್ಕೆ ಎಷ್ಟು?"

ಅವನು ಬಾಯಿಬಿಟ್ಟು ಎಣಿಸಿದ. "ಏಳು."

"ಸಣ್ಣ ಕಣಜ ಹೇನಿನೊಳಗೆ ಮೊಟ್ಟೆ ಇಟ್ಟಿದೆ. ಮರಿ ಒಳಗಿಂದ ತಿಂದು, ತೂತು ಕೊರ್ಕೊಂಡು ಹಾರಿಹೋಗಿದೆ. ನಾವು ಹೊಡೆದ ಔಷಧೀಲೂ ಹೇಗೋ ಬದುಕಿವೆ, ಪಾಪ. ಇನ್ನೊಂದು ಹನಿ ಹೊಡೀಬೇಡಿ. ನಮ್ಮ ಕೆಲಸ ಅವು ಮಾಡ್ತಿವೆ."

ಇಸ್ತ್ರಿ ಎದ್ದ. ಎರಡು ಮಂಡಿಗೂ ದುಂಡಗೆ ಕೆಸರು. ಪುಸ್ತಕ ತೆರೆದ. ಆಮೇಲೆ ಅವಳ ಕನ್ನಡಕದ ಡಬ್ಬಿ ಕೇಳಿ ತೆಗೆದುಕೊಂಡು, ಅದರ ಅಂಚು ಹಿಡಿದು ಮೂರನೇ ಕಾಲಂಗೆ ಗೀಟು ಎಳೆದ, ಸೊಟ್ಟಗೆ.

"ನಾಳೆಯಿಂದ ನೀವು ಮುಟ್ಟಿ ಹೇಳಿ, ಇವಳು ನೋಡಿ ಹೇಳಲಿ. ಇಬ್ಬರದೂ ಒಂದೇ ಆದ್ರೆ ಮಾತ್ರ ಹೌದು. ತಲೆಬರಹ ಏನಂತ ಬರೀಲಿ ಇದಕ್ಕೆ?"

"ಹೇಳಿದ್ನಲ್ಲ ಸರ್."

ಆಗಲೇ ಏಳನೇ ಸಾಲಿಗೆ ತಿರುಗಿದ್ದಳು, ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ.

"ಪ್ಯಾಂಟ್ ಒರೆಸ್ಕೋಬೇಡಿ," ಅಂದಳು ತಿರುಗದೆಯೇ. "ಇನ್ನೂ ಹನ್ನೆರಡು ಸಾಲಿದೆ."