ಜಗಳಕ್ಕೆ ನಾಲ್ಕು ಕ್ರೆಡಿಟ್

ತರಗತಿಯ ಹೊರಗೆ ಕಲಿತದ್ದಕ್ಕೂ ಇನ್ನು ಮುಂದೆ ಕಾಲೇಜು ಡಿಗ್ರಿಯ ಲೆಕ್ಕಕ್ಕೆ ಸೇರುವ ಕ್ರೆಡಿಟ್ ಕೊಡುತ್ತದೆ ಎಂಬ ಸುತ್ತೋಲೆಯನ್ನು ಸೊಸೆಯೇ ಟೈಪ್ ಮಾಡಿದ್ದಳು. ಕಾಲೇಜಿನ ಕ್ರೆಡಿಟ್ ವಿಭಾಗದಲ್ಲಿ ಅವಳಿಗೆ ಕೆಲಸ. ಬೇರೆ ಕಡೆಯಿಂದ ಬಂದವರ ಓದು ಇಲ್ಲಿಯ ಎಷ್ಟು ಓದಿಗೆ ಸಮ ಎಂದು ದಿನವಿಡೀ ತಲೆ ಕೆಡಿಸಿಕೊಂಡು ಮನೆಗೆ ಬರುವವಳು, ಆ ಸಂಜೆ ಊಟಕ್ಕೆ ಕೂತಾಗ ಬಾಯಿ ತಪ್ಪಿ ಆ ವಿಷಯ ಆಡಿಬಿಟ್ಟಳು.

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಅಂದ್ರೆ ಅಡುಗೆಗೂ ಕೊಡ್ತಾರಾ?"

"ಕೊಡಬಹುದು ಅತ್ತೆ."

"ಹಾಗಾದ್ರೆ ಮೊದಲು ನಂದು ಬರ್ಕೋ."

ಅತ್ತೆ ಡಿಗ್ರಿಯ ಮೊದಲ ವರ್ಷದಲ್ಲೇ ಮದುವೆಯಾಗಿ ಓದು ಬಿಟ್ಟವರು. ಮುಂದೆ ಓದಿಸುತ್ತೇವೆ ಎಂದು ಗಂಡಿನ ಕಡೆಯವರು ಒಪ್ಪಿಕೊಂಡದ್ದನ್ನು ಮಾವ ಅನುಕೂಲವಾಗಿ ಮರೆತಿದ್ದರು. ಅತ್ತೆ ಮರೆತಿರಲಿಲ್ಲ.

ಸ್ವಂತ ಮನೆಯವರ ಅರ್ಜಿಯನ್ನು ಸೊಸೆ ಮುಟ್ಟುವಂತಿರಲಿಲ್ಲ. ಅತ್ತೆಯ ಅರ್ಜಿಯನ್ನು ಕಾಲೇಜಿನ ಸಮಿತಿಯೇ ನೋಡಿ ಉತ್ತರ ಬರೆಯಿತು. ಜೀವನವಿಡೀ ಮಾಡಿದ ಅಡುಗೆಗೆ ಅರ್ಧ ಕ್ರೆಡಿಟ್. ಮಕ್ಕಳನ್ನು ಸಾಕಿದ್ದು ಪಠ್ಯಕ್ರಮದಲ್ಲಿಲ್ಲ. ಆದರೆ 'ಘರ್ಷಣೆ ನಿರ್ವಹಣೆ' ಎಂಬ ವಿಷಯಕ್ಕೆ ನಾಲ್ಕು ಕ್ರೆಡಿಟ್ ಉಂಟು; ಅನುಭವವಿದ್ದಲ್ಲಿ ಎದುರು ಪಕ್ಷದವರನ್ನು ಸಾಕ್ಷಿಯಾಗಿ ಕರೆತರತಕ್ಕದ್ದು.

ಅತ್ತೆ ಕನ್ನಡಕದ ಮೇಲಿಂದ ಸೊಸೆಯನ್ನು ನೋಡಿದರು. "ಎದುರು ಪಕ್ಷ ಅಂದ್ರೆ ನೀನೇ."

"ನಾವೆಲ್ಲಿ ಜಗಳ ಆಡ್ತೀವಿ ಅತ್ತೆ?"

"ಆಡ್ತೀವಿ ಅನ್ನು. ನಾಲ್ಕು ಕ್ರೆಡಿಟ್ ಕಣೇ!"

ಹುಡುಕಿ ಹುಡುಕಿ ಹಳೆಯ ಒಲೆಯ ಜಗಳವನ್ನು ಆರಿಸಿಕೊಂಡರು. ಸೊಸೆ ಮನೆಗೆ ಬಂದ ಹೊಸದರಲ್ಲಿ, ಗ್ಯಾಸ್ ಒಲೆ ಕಿಟಕಿಯ ಕೆಳಗಿರಲಿ ಎಂದು ಅವಳು, ಇದ್ದಲ್ಲೇ ಇರಲಿ ಎಂದು ಅತ್ತೆ ಪಟ್ಟು ಹಿಡಿದಿದ್ದರು. ಒಲೆ ಇದ್ದಲ್ಲೇ ಉಳಿದಿತ್ತು.

"ಪ್ರೀತಿಯಿಂದ ತಿಳಿಸಿ ಹೇಳಿದೆ, ನೀನು ಒಪ್ಕೊಂಡೆ. ಹಾಗಂತ ಹೇಳು," ಎಂದರು ಅತ್ತೆ.

"ಪ್ರೀತಿಯಿಂದಾನಾ? ಮಾತೇ ಬಿಟ್ಟಿದ್ರಿ ನೀವು! ಪಾಪ, ಹೋಗಲಿ ಅಂತ ನಾನೇ ಸುಮ್ಮನಾದೆ."

"ಪಾಪಾನಾ? ಯಾರಿಗೆ ಪಾಪ?"

ಮಾತಿಗೆ ಮಾತು ಬೆಳೆಯಿತು. ತನ್ನನ್ನೂ ಸಾಕ್ಷಿಗೆ ಕರೆದಾರೆಂದು ಮಗ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ವಾಕಿಂಗಿಗೆ ಹೊರಟ.

ಸಂದರ್ಶನದ ದಿನ ಪ್ರಿನ್ಸಿಪಾಲರೂ ಘರ್ಷಣೆ ನಿರ್ವಹಣೆ ಪಾಠ ಮಾಡುವ ಪ್ರೊಫೆಸರರೂ ಕೂತಿದ್ದರು. ಕೋಣೆಯ ಹಂಚಿಕೆಯ ವಿಷಯದಲ್ಲಿ ಅವರಿಬ್ಬರಿಗೂ ಮಾತು ನಿಂತು ವರ್ಷವಾಗಿತ್ತು. ಹಾಗಾಗಿ ನಡುವೆ ಕೂತ ಗುಮಾಸ್ತರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತಿದ್ದರು.

"ಜಗಳ ಹೇಗೆ ಬಗೆಹರೀತು ಅಂತ ಕೇಳಿ," ಎಂದರು ಪ್ರೊಫೆಸರರು ಗುಮಾಸ್ತರಿಗೆ.

"ನಾನು ತಿಳಿಸಿ ಹೇಳಿದೆ," ಎಂದರು ಅತ್ತೆ.

ಹೂಂ ಎಂದುಬಿಟ್ಟಿದ್ದರೆ ಮುಗಿದಿತ್ತು. ಆದರೆ ಸೊಸೆಯ ನಾಲಿಗೆ ಕೇಳಬೇಕಲ್ಲ. "ನಾನು ಬಿಟ್ಟುಕೊಟ್ಟೆ ಸಾರ್," ಎಂದಳು.

ಅಲ್ಲೇ ಹತ್ತಿಕೊಂಡಿತು. ಒಲೆಯಿಂದ ಶುರುವಾದದ್ದು ಬಟ್ಟೆ ಒಣಗಿಸುವ ಹಗ್ಗದವರೆಗೆ ಹೋಯಿತು. ಹೊರಗಿನ ಬೆಂಚಿನಲ್ಲಿ ಪೇಪರ್ ಓದುತ್ತಿದ್ದ ಮಾವ ತಡೆಯಲಾರದೆ ಬಾಗಿಲಲ್ಲಿ ತಲೆ ಹಾಕಿದರು.

"ಎಷ್ಟು ಹೊತ್ತು ಇದು? ಗ್ಯಾಸ್ ಪೈಪ್ ಕಿಟಕಿ ತನಕ ಎಟುಕಲಿಲ್ಲ, ಅದಕ್ಕೆ ಒಲೆ ಅಲ್ಲೇ ಉಳೀತು. ನಾನೇ ಎಳೆದು ನೋಡಿದ್ದೆ."

ಇಬ್ಬರೂ ಒಟ್ಟಿಗೆ ತಿರುಗಿದರು. "ಆಗ ಯಾಕ್ರೀ ಹೇಳ್ಲಿಲ್ಲ?" ಎಂದರು ಅತ್ತೆ.

"ಹೇಳಿದ್ರೆ ಉದ್ದದ ಪೈಪ್ ತನ್ನಿ ಅಂತಿದ್ರಿ."

ಪ್ರೊಫೆಸರರು ಕುರ್ಚಿಯಿಂದ ಎದ್ದೇಬಿಟ್ಟರು. ಯಾರ ಪಕ್ಷವನ್ನೂ ವಹಿಸದೆ, ಮೌನದಿಂದಲೇ ಘರ್ಷಣೆಯನ್ನು ನಿಭಾಯಿಸಿದ ಇಂಥ ಉದಾಹರಣೆ ತಮ್ಮ ಸೇವೆಯಲ್ಲೇ ಸಿಕ್ಕಿರಲಿಲ್ಲ ಎಂದರು. ಪ್ರಿನ್ಸಿಪಾಲರೂ ತಲೆಯಾಡಿಸಿದರು. ನಾಲ್ಕು ಕ್ರೆಡಿಟ್ ಮಾವನಿಗೆ ಮಂಜೂರಾಯಿತು.

"ಇವರೇನು ಓದ್ತಾರಾ? ಅದನ್ನ ನನ್ನ ಹೆಸರಿಗೆ ಹಾಕಿ," ಎಂದರು ಅತ್ತೆ.

ಗುಮಾಸ್ತರು ಪುಸ್ತಕ ತಿರುವಿ ನೋಡಿದರು. "ಕಾಲೇಜಿಂದ ಕಾಲೇಜಿಗೆ ವರ್ಗ ಆಗತ್ತಮ್ಮ. ಗಂಡನಿಂದ ಹೆಂಡತಿಗೆ ಆಗಲ್ಲ."

ಮೂವರೂ ಮನೆಗೆ ಬಂದರು. ಅತ್ತೆ ಸೀದಾ ಹೋಗಿ ಮಂಚದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತರು. ಜಗಳಗಳಲ್ಲಿ ಅವರ ಬೆನ್ನನ್ನು ಸೊಸೆ ಎಷ್ಟೋ ಸಲ ನೋಡಿದ್ದಳು. ಇಷ್ಟು ಬಾಗಿದ್ದನ್ನು ನೋಡಿರಲಿಲ್ಲ. ಒಂದು ಹೂಂ ಅನ್ನಲು ನನಗೇನಾಗಿತ್ತು ಎಂದು ಅವಳು ತನ್ನನ್ನೇ ಬೈದುಕೊಂಡಳು. ಪಕ್ಕದಲ್ಲಿ ಹೋಗಿ ಕೂತಳು.

"ಅತ್ತೆ, ಸುಮ್ನೆ ಮೊದಲ ವರ್ಷಕ್ಕೇ ಸೇರ್ಕೊಳ್ಳಿ. ಪಾಠ ಕೇಳಿ, ಪರೀಕ್ಷೆ ಬರೀರಿ."

"ಈ ವಯಸ್ಸಲ್ಲಾ? ಜನ ನಗ್ತಾರೆ."

"ನಗಲಿ. ಆದ್ರೆ ಈಗ ಲೆಕ್ಕದ ಪ್ರಕಾರ ಮಾವ ನಿಮಗಿಂತ ಮೂರೂವರೆ ಕ್ರೆಡಿಟ್ ಮುಂದಿದಾರೆ. ಅದನ್ನ ಹಾಗೇ ಬಿಡ್ತೀರಾ?"

ಅತ್ತೆ ಥಟ್ಟನೆ ತಿರುಗಿದರು.

ಕಾಲೇಜು ಶುರುವಾದ ದಿನ ಸೊಸೆ ಕೆಲಸ ಮುಗಿಸಿ ಬಂದಾಗ ಮನೆ ತುಂಬ ಸೀದ ವಾಸನೆ. ಮಾವ ಒಳಗೆ ಪಾತ್ರೆ ಕೆರೆಯುತ್ತಿದ್ದರು. ಅತ್ತೆ ಹೆಗಲ ಬ್ಯಾಗನ್ನೂ ಇಳಿಸದೆ ನಡುಮನೆಯಲ್ಲಿ ಕೂತು, ಇತಿಹಾಸದ ಮೇಷ್ಟ್ರು ಪಾಠ ಅರ್ಧಕ್ಕೇ ನಿಲ್ಲಿಸಿದ್ದನ್ನೂ, ತಾವು ಕೈ ಎತ್ತಿ ಮುಂದೇನಾಯಿತು ಎಂದು ಕೇಳಿದ್ದನ್ನೂ, ಹುಡುಗಿಯರೆಲ್ಲ ನಕ್ಕಿದ್ದನ್ನೂ, ಆಮೇಲೆ ಅದೇ ಹುಡುಗಿಯರು ಬಂದು ನೋಟ್ಸ್ ಕೇಳಿದ್ದನ್ನೂ ಒಂದೇ ಉಸಿರಿಗೆ ಹೇಳತೊಡಗಿದರು. ಸೊಸೆ ಚಪ್ಪಲಿ ಬಿಡುವುದನ್ನೂ ಮರೆತು ಬಾಗಿಲಲ್ಲೇ ನಿಂತು ಕೇಳಿದಳು.