ಬಂದೇನವಾಜನ ದಬ್ಬಣ

ಆಡಿನ ಹಿಕ್ಕೆಯ ವಾಸನೆ, ಅದರ ಬೆನ್ನಿಗೇ ಕಾದ ಕಲ್ಲಿನ ವಾಸನೆ — ಬಿಸಿಲು ಬಿದ್ದು ಇನ್ನೂ ಗಳಿಗೆಯಾಗಿಲ್ಲ, ಬಾದಾಮಿಯ ಈ ಕೆಂಪು ಬಂಡೆಗೆ ಅಷ್ಟರಲ್ಲೇ ಏನು ಸಿಟ್ಟೋ ಅಂದುಕೊಳ್ಳುತ್ತ ಹುಲ್ಲಪ್ಪ ಕಾಲೆತ್ತಿ ಇಡುತ್ತಾನೆ, ಎತ್ತಿ ಇಡುತ್ತಾನೆ, ಎಲ್ಲರಿಗಿಂತ ಮುಂದೆ ತಿಮ್ಮಣ್ಣನ ಬಿಳಿ ಬನಿಯನ್ನು, ಡ್ರಿಲ್ ಮಾಸ್ತರನ ಬನಿಯನ್ನು ನೋಡು, ಅದೂ ಶಿಸ್ತಿನಿಂದಲೇ ಓಡುತ್ತದೆ, ಅದರ ಹಿಂದೆ ಬಂದೇನವಾಜನ ಕುತ್ತಿಗೆ, ಅಂಗಿಯ ಕಾಲರಿಗೆ ಚುಚ್ಚಿಕೊಂಡ ದಬ್ಬಣ, ಗಾದಿ ಹೊಲಿಯುವ ಉದ್ದನೆಯ ಸೂಜಿ, ಬಿಸಿಲಿಗೆ ಮಿಣಕ್ ಅನ್ನುತ್ತದೆ, ಆರುತ್ತದೆ, ಮತ್ತೆ ಮಿಣಕ್ — ಗುಡ್ಡ ಓಡಲು ಬರುವವನು ಯಾವನಾದರೂ ದಬ್ಬಣ ತರುತ್ತಾನೆಯೇ, ಕೇಳಿದರೆ ಮುಳ್ಳ ತಗಿಯಾಕ ಬೇಕಲ್ಲೋ ಅಂತಾನೆ, ಅದೂ ಖರೆ, ಇವನಷ್ಟು ಮುಳ್ಳು ತುಳಿಯುವವನನ್ನು ಹುಲ್ಲಪ್ಪ ಬೇರೆಲ್ಲೂ ಕಂಡಿಲ್ಲ, ಪ್ರತಿ ಏರಿನಲ್ಲಿ ಒಂದು, ಕುಂತುಬಿಡುತ್ತಾನೆ ಬಂಡೆಯ ಮೇಲೆ, ಎಡಗಾಲು ಬಲಮಂಡಿಯ ಮೇಲೆ, ತಲೆ ತಗ್ಗಿಸಿ, ಹಿಮ್ಮಡಿಯ ಹತ್ತಿರ ದಬ್ಬಣದ ಮೊನೆ. ಸಣ್ಣವನಿದ್ದಾಗ ಹೀಗಿರಲಿಲ್ಲ ಕಳ್ಳ, ಸಾಲಿ ತಪ್ಪಿಸಿ ಇದೇ ಗುಡ್ಡದ ಕವಳಿ ಪೊದೆಯೊಳಗೆ ಬರಿಗಾಲಲ್ಲಿ ನುಗ್ಗಿ ಟೊಪ್ಪಿಗೆ ತುಂಬ ಹಣ್ಣು ತರುತ್ತಿದ್ದ, ಮುಳ್ಳಿಗೇ ಇವನ ಅಂಜಿಕೆ ಇತ್ತು, ಈಗ ಹತ್ತಿ ಹಿಂಜಿ ಹಿಂಜಿ, ಅದರ ಮೇಲೇ ಅಡ್ಡಾಡಿ ಅಂಗಾಲು ಮೆತ್ತಗಾಗಿರಬೇಕು, ಇರಲಿ, ಆಗಲಿ, ಅವನು ಕೂತಷ್ಟು ಹೊತ್ತು ತನಗೂ ಉಸಿರು ಸಿಗುತ್ತದಲ್ಲ, ಒಬ್ಬನ ಮುಳ್ಳು ಇನ್ನೊಬ್ಬನಿಗೆ ಪುಣ್ಯ.

ಓಡಿ ಮುಟ್ಟಬೇಕಾದ ಮಹಾಕೂಟದ ಹೊಂಡ ಇನ್ನೂ ದೂರ. ಉಸಿರು ಈಗಲೇ ಕೊರಳಿಗೆ ಬಂತು, ಬರಲಿ, ಮೂಗಿನಿಂದ ಎಳೆದುಕೋ ಹುಲ್ಲಪ್ಪ, ಬಾಯಿ ತೆರೆಯಬೇಡ, ತೆರೆದರೆ ಸಪ್ಪಳ, ಸಪ್ಪಳವಾದರೆ ಇವರಿಗೆ ತಿಳಿಯುತ್ತದೆ, ತಿಳಿದರೆ ಮುಗಿಯಿತು, ಈ ತಿಮ್ಮಣ್ಣ ಕೈಹಿಡಿದು ಕೆಳಗೆ ಚಹಾದ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ನೀ ನಮ್ಮ ಅಂಗಿ ಕಾಯ್ಕೋತ ಕುಂದರಲೇ ಅಂತಾನೆ, ಪ್ರೀತಿಯಿಂದಲೇ ಅಂತಾನೆ, ಆ ಪ್ರೀತಿಯೇ ಬೇಡ — ಬಾಗಲಕೋಟೆಯ ದವಾಖಾನೆಯಲ್ಲಿ ಎದೆಯ ಮೇಲೆ ಆ ತಣ್ಣನೆಯ ಬಿಲ್ಲೆ, ಡಾಕ್ಟರು ಕಣ್ಣು ಮುಚ್ಚಿ ಕೇಳಿದ್ದೇ ಕೇಳಿದ್ದು, ಎದಿ ಕವಾಟ ಸಡಲ ಆಗೇತ್ರಿ, ಓಡೋದು, ಗುಡ್ಡ ಹತ್ತೋದು ಇನ್ನ ಬಂದ್ ಮಾಡ್ರಿ, ಹೂನ್ರಿ ಅಂದ, ಮಾತ್ರೆ ಕಿಸೆಗೆ ಹಾಕಿಕೊಂಡ, ಹೊರಗೆ ಬಂದು ಯಾರಿಗೂ ಹೇಳಲಿಲ್ಲ, ಮಾಯವ್ವನಿಗೂ ಹೇಳಲಿಲ್ಲ, ಹೆಂಡತಿಗೆ ಗೊತ್ತಾದರೆ ಶನಿವಾರದ ಗಾಡಿಗೆ ಅಡ್ಡ ಮಲಗಿಯಾಳು. ವಾರವೆಲ್ಲ ಬಾಗಲಕೋಟೆಯ ಅಡತಿ ಅಂಗಡಿಯಲ್ಲಿ ಹತ್ತಿಯ ಅಂಡಿಗೆ, ಆ ದೊಡ್ಡ ದೊಡ್ಡ ಮೂಟೆ, ತೂಗಬೇಕು, ಸಾಹುಕಾರನ ಮೋರೆ ನೋಡಬೇಕು, ಶನಿವಾರ ಸಂಜೆ ಗದಗದ ಗಾಡಿ ಹತ್ತಿದಾಗಷ್ಟೇ ಅವನು ಮನುಷ್ಯನಾಗುವುದು, ಬಾದಾಮಿಯಲ್ಲಿ ಇಳಿದು ಬಂದೇನವಾಜನ ಮನೆ, ಅವನ ಹೆಂಡತಿ ರಂಜಾನಬಿ ಬಡಿಯುವ ರೊಟ್ಟಿಯ ಸಪ್ಪಳ, ಬರ್ರಿ ಅಣ್ಣಾ, ಕೈಕಾಲ ತೊಳಕೋರ್ರಿ, ಹತ್ತಿಯ ರಾಶಿಯ ಪಕ್ಕ ಹಾಸಿಗೆ, ರವಿವಾರ ಈ ಗುಡ್ಡ, ಎಮರ್ಜೆನ್ಸಿ ಮುಗಿದ ವರ್ಷ ತಿಮ್ಮಣ್ಣ ಹುರುಪಿಗೆ ಬಿದ್ದು ಶುರುಮಾಡಿದ್ದು, ಹೊಟ್ಟಿ ಬರಾಕ ಹತ್ಯಾವಲೇ, ಓಡ್ರಿ, ಅಂದಿನಿಂದ ಒಂದು ರವಿವಾರವನ್ನೂ ಅವನು ಬಿಟ್ಟಿಲ್ಲ, ಇದನ್ನೂ ಕಸಿದುಕೊಂಡರೆ ತನ್ನದು ಅಂತ ಏನು ಉಳಿಯಿತು, ಅಂಡಿಗೆ, ಮಾತ್ರೆ, ಅಷ್ಟೇ — ಎದೆಯೊಳಗೆ ಏನೋ ತಪ್ಪಿ ಬಡಿಯಿತು, ಒಮ್ಮೆ ಬಿಟ್ಟು ಎರಡು ಸಲ, ಕಣ್ಣಮುಂದೆ ಕಪ್ಪು ಚುಕ್ಕೆ, ಇನ್ನು ನಾಕು ಹೆಜ್ಜೆ ಹಾಕಿದರೆ ಬಿದ್ದೇ ಬಿಡುತ್ತೇನೆ, ಈ ಹೊತ್ತಿಗೆ ಬಂದೇನವಾಜನಿಗೆ ಮುಳ್ಳು ಚುಚ್ಚಬಾರದೇ, ಯಾವ ದೇವರಾದರೂ ಆಗಲಿ, ಬೀರಪ್ಪಾ, ಒಂದು ಮುಳ್ಳು, ಸಣ್ಣದು —

ತಡೀರಲೇ, ಮುಳ್ಳ, ಅಂತು ಮುಂದಿನ ಬೆನ್ನು. ಕೂತೇಬಿಟ್ಟ. ಹುಲ್ಲಪ್ಪ ಬಂಡೆಗೆ ಆತುಕೊಂಡ, ಆತುಕೊಂಡದ್ದು ಕಾಣಬಾರದೆಂದು ಟೊಂಕದ ಮೇಲೆ ಕೈಯಿಟ್ಟ, ಬೇಸತ್ತವನ ಹಾಗೆ, ಯಾವತ್ತಿನ ಹಾಗೆ ನಾಲಿಗೆಯೂ ಹರಿಯಿತು, ಏನಲೇ, ಗುಡ್ಡದ ಮುಳ್ಳೆಲ್ಲ ನಿನ್ನ ಹೆಸರೀಲೇ ಬೆಳದಾವೇನು, ಮಾತಿನ ನಡುವೆ ಮೂರು ಕಡೆ ಉಸಿರು ಕಡಿಯಿತು, ಬಂದೇನವಾಜ ತಲೆ ಎತ್ತಲಿಲ್ಲ, ಎಡಗಾಲಿನ ಬೂಟು ಬಿಚ್ಚಿ ಬದಿಗಿಟ್ಟ — ಬೂಟು, ಹೌದಲ್ಲ, ಇವತ್ತು ಬೂಟು ಇದೆ, ನಿನ್ನ ಮುಳ್ಳಿನ ಸಲುವಾಗಿ ರವಿವಾರ ಹಾಳಾತು ಅಂತ ಬೈದು ತಿಮ್ಮಣ್ಣ ಸಾಲಿಯಿಂದ ತಂದುಕೊಟ್ಟ ಕ್ಯಾನ್ವಾಸು, ಕೆಳಗೆ ಹೆಬ್ಬೆರಳಿನಷ್ಟು ದಪ್ಪ ರಬ್ಬರು, ಇದನ್ನೂ ಹಾಯ್ದು ಬಂದಿತೇ, ಎಂಥ ಜಾಲಿಮುಳ್ಳಿರಬೇಕು, ಹುಲ್ಲಪ್ಪ ಬಗ್ಗಿ ಬೂಟು ಎತ್ತಿಕೊಂಡ, ಬರೀ ಕುತೂಹಲಕ್ಕೆ, ಅಡಿಯ ಮೇಲೆ ಬೆರಳಾಡಿಸಿದ, ನುಣುಪು, ಒಳಗೆ ಕೈಹಾಕಿದ, ನುಣುಪು, ತೂತಿಲ್ಲ, ಮೊನೆಯಿಲ್ಲ, ಏನೂ ಇಲ್ಲ. ಅಲ್ಲಿ ಆ ಹಿಮ್ಮಡಿ, ಒಡೆದು ಕೊರಡಿನಂತಾದ ಹಿಮ್ಮಡಿ, ದಬ್ಬಣದ ಮೊನೆ ಚರ್ಮಕ್ಕೆ ತಾಗುತ್ತಲೇ ಇಲ್ಲ, ಮೇಲೆ ಮೇಲೆ ಸುಳಿದಾಡುತ್ತಿದೆ, ಮಿಣಕ್, ಮಿಣಕ್. ಯಾವಾಗಿನಿಂದ ಈ ಮುಳ್ಳು, ದೀಪಾವಳಿಯಿಂದಲೇ, ಅದಕ್ಕಿಂತ ಮುಂಚೆ ಇರಲಿಲ್ಲ, ದೀಪಾವಳಿಗೆ ಮುಂಚಿನ ಶನಿವಾರ ತನಗೆ ಮಲಗಿದರೆ ಉಸಿರು ಕಟ್ಟಿ, ಬೆಳಗಿನ ತನಕ ಹತ್ತಿಯ ರಾಶಿಗೆ ಬೆನ್ನು ಕೊಟ್ಟು ಕೂತದ್ದು, ಎಲ್ಲರೂ ಮಲಗಿದ್ದಾರೆಂದು ತಿಳಿದದ್ದು, ಮರುವಾರ ಬಂದಾಗ ಹಾಸಿಗೆಯ ಮೇಲೆ ಒಂದು ಹೊಸ ತಲೆದಿಂಬು, ದಿಂಬಲ್ಲ ಅದು, ಕಟ್ಟೆ, ಅಷ್ಟು ಎತ್ತರ, ಯಾಕೋ ಇದು ಅಂದರೆ ಹತ್ತಿ ಉಳದಿತ್ತು, ತುಂಬಿದ್ಯಾ, ಅಂದಿದ್ದ, ಅದಕ್ಕೂ ತಾನು ನಕ್ಕಿದ್ದೆ, ಮುಳ್ಳಿಗೂ ನಕ್ಕೆ, ಊರ ಮುಂದೆ ಇವನನ್ನು ಹೆಣ್ಣುಗಾಲಿನವ ಅಂದೆ, ಅಂದದ್ದನ್ನೆಲ್ಲ ಅನ್ನಿಸಿಕೊಂಡು, ಎಲ್ಲ ಬಲ್ಲವ, ಏನೂ ಅರಿಯದವನ ಹಾಗೆ ಪ್ರತಿ ಏರಿನಲ್ಲೂ ಕೂತ, ನನ್ನ ಸಲುವಾಗಿ ಕೂತೆಯಲ್ಲೋ ಬಂದೇನವಾಜ, ಅಳು ಬರುತ್ತದೆ, ಅಳಲಿಕ್ಕೂ ಉಸಿರು ಬೇಕು.

ಮೇಲಿನಿಂದ ತಿಮ್ಮಣ್ಣ ಕೂಗುತ್ತಾನೆ, ಇವತ್ತೂ ಏನಲೇ ನಿಂದು, ಬೂಟು ಕೊಟ್ಟರೂ ಮುಳ್ಳು ಹ್ಯಾಂಗೋ, ಬಂದೇನವಾಜ ಬಾಯಿ ತೆರೆಯುವಷ್ಟರಲ್ಲಿ ಹುಲ್ಲಪ್ಪ ಬಂಡೆಯಿಂದ ಜಾರಿ ಅವನ ಪಕ್ಕಕ್ಕೆ ಕೂತುಬಿಟ್ಟ, ಬಾಯಿ ಪೂರಾ ತೆರೆದು ಉಸಿರೆಳೆದ, ಸಪ್ಪಳ ಆದರೆ ಆಗಲಿ, ಅವಂದಲ್ಲೋ ತಿಮ್ಮಣ್ಣ, ನಂದು, ನನಗ ಎದಿ ಸುದ್ದ ಇಲ್ಲ, ದೀಪಾವಳಿಯಿಂದ ಇಲ್ಲ, ನೀ ಓಡು, ನಾವು ನಡಕೋತ ಬರ್ತೇವಿ — ನಾವು ಅಂದ, ಇವನನ್ನು ಕೇಳದೆಯೇ ನಾವು ಅಂದುಬಿಟ್ಟ, ಇನ್ನು ಚಹಾದ ಅಂಗಡಿಯ ಕಟ್ಟೆಯ ಮೇಲೆ ಕೂರಿಸುತ್ತಾರೋ ಏನೋ, ತಿಮ್ಮಣ್ಣನ ಬಿಳಿ ಬನಿಯನ್ನು ಅಲ್ಲೇ ನಿಂತುಬಿಟ್ಟಿದೆ, ಗಾಳಿ ನಿಂತಿದೆ, ಬಂದೇನವಾಜ ಈಗಲೂ ತಲೆ ಎತ್ತುತ್ತಿಲ್ಲ, ಎಡಗಾಲು ಬಲಮಂಡಿಯ ಮೇಲೆ, ಮುಳ್ಳಿಲ್ಲದ ಹಿಮ್ಮಡಿ, ಅದರ ಮೇಲಿನ ಕೈಯನ್ನು ಹಿಂದಕ್ಕೆ ತೆಗೆಯುತ್ತಾನೆ, ಕೈಯಲ್ಲಿ ದಬ್ಬಣ, ದಬ್ಬಣದ ಮೊನೆ, ಮೊನೆ ಮತ್ತೆ ಅಂಗಿಯ ಕಾಲರಿಗೆ —