ಕಳ್ಳಜೇಬು

ಮರೆಗುಳಿ ತಮ್ಮನನ್ನು ನೋಡಲು ಟೈಲರಕ್ಕನಿಗೆ ಸಿಕ್ಕಿದ್ದು ಒಂದೇ ಒಂದು ಶುಕ್ರವಾರ. ಅವನು ಜೈಲು ಸೇರಿ ಆರು ತಿಂಗಳಾಗಿತ್ತು. ಅಷ್ಟೂ ದಿನ ಯಾರೂ ಬರಬೇಡಿ, ಈ ಮುಖ ತೋರಿಸಲಾರೆ ಎಂದು ಹಟ ಹಿಡಿದಿದ್ದ ಪುಣ್ಯಾತ್ಮ, ಐದು ವರ್ಷ ಎಂದು ತೀರ್ಪಾದ ಮೇಲೆ ವಕೀಲರ ಗುಮಾಸ್ತನ ಹತ್ತಿರ ಹೇಳಿ ಕಳಿಸಿದ್ದ: ಸೋಮವಾರ ದೂರದ ಜೈಲಿಗೆ ಸಾಗಿಸುತ್ತಾರೆ, ಅಷ್ಟರೊಳಗೆ ಅಕ್ಕ ಒಮ್ಮೆ ಬರಲಿ, ಬರುವಾಗ ಒಂದು ಪ್ಯಾಂಟು ತರಲಿ. ಆ ಜೈಲೋ, ರೈಲಿನಲ್ಲಿ ಎರಡು ದಿನದ ದಾರಿ. ಹಾಸಿಗೆ ಹಿಡಿದ ತಾಯಿಯನ್ನು ಬಿಟ್ಟು ಇವಳು ಅಲ್ಲಿಗೆ ಹೋದ ಹಾಗೇ ಇತ್ತು!

ಗುಮಾಸ್ತ ಬಾಗಿಲಲ್ಲೇ ನಿಂತು ನಿಯಮ ಒಪ್ಪಿಸಿದ. "ಲಾಡಿ ಇರ್ಬಾರ್ದು ಅಕ್ಕಾ. ಹುಕ್ಕು, ಜಿಪ್ಪು, ಗುಂಡಿ ಒಂದೂ ಬೇಡ. ಖಾಕಿ ಬಟ್ಟೆ ಬೇಡ. ಜೇಬಂತೂ ಬೇಡವೇ ಬೇಡ."

"ಅದಕ್ಕೆ ಪ್ಯಾಂಟು ಅಂತ ಯಾಕನ್ಬೇಕು? ಎರಡು ಕಾಲಿರೋ ಚೀಲ ಅನ್ನಿ."

"ಏನಾದ್ರೂ ಅನ್ನಿ. ನಿಯಮ ತಪ್ಪಿದ್ರೆ ಭೇಟಿ ರದ್ದು. ಅತ್ತೂ ಕರೆದೂ ಏನೂ ನಡೆಯಲ್ಲ ಅಲ್ಲಿ."

ಅಷ್ಟನ್ನೂ ಅವಳು ಗುರುತು ಹಾಕುವ ಸೀಮೆಸುಣ್ಣದಲ್ಲಿ ಮಿಷನ್ನಿನ ಮೇಲಿನ ಗೋಡೆಗೆ ಬರೆದುಕೊಂಡಳು.

ಹುಟ್ಟಾ ಮರೆಗುಳಿ ಅವನು. ಸ್ಲೇಟು, ಛತ್ರಿ, ಬಸ್ ಪಾಸು, ಕೈಗಡಿಯಾರ, ಯಾವುದೂ ಅವನ ಹತ್ತಿರ ಒಂದು ವಾರ ಬಾಳಿದ್ದಿಲ್ಲ. ಅದಕ್ಕೇ ಅವನ ಪ್ರತಿ ಪ್ಯಾಂಟಿನ ಸೊಂಟದ ಪಟ್ಟಿಯೊಳಗೆ ಎರಡು ಬೆರಳು ಹಿಡಿಸುವಷ್ಟು ಕಳ್ಳಜೇಬು ಇಡುತ್ತಿದ್ದಳು. ಹೊರಗೆ ಕಾಣದ ಜೇಬಿಗೆ ಎಲ್ಲರೂ ಹೇಳುವ ಹೆಸರೇ ಅದು, ಏನು ಮಾಡೋಣ. ಅದರೊಳಗೆ ಹೋದದ್ದು ಮಾತ್ರ ಎಂದೂ ಕಳೆದಿರಲಿಲ್ಲ.

ಆಮೇಲೆ ಗೋದಾಮು ಕಾಯುವ ಕೆಲಸ ಸಿಕ್ಕಿತು. ಕಂಪನಿಯವರೇ ಹೊಲಿಸಿ ಕೊಟ್ಟ ಖಾಕಿ ಪ್ಯಾಂಟಿಗೆ ಕಳ್ಳಜೇಬು ಎಲ್ಲಿಂದ ಬರಬೇಕು? ತಾ, ಒಂದು ಹಚ್ಚಿಕೊಡ್ತೀನಿ ಎಂದರೆ, ಯೂನಿಫಾರಂ ಬಿಚ್ಚಬಾರದಂತೆ ಬಿಡಕ್ಕ ಎಂದಿದ್ದ. ಮೂರನೇ ವಾರಕ್ಕೆ ಬೀಗದ ಕೈ ಕಳೆದ. ಹೇಳಲು ಹೆದರಿ ಎರಡು ದಿನ ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಯಾರೋ ಅದೇ ಕೀಲಿಯಿಂದ ಬಾಗಿಲು ತೆಗೆದು ಗೋದಾಮನ್ನು ಗುಡಿಸಿ ಗುಂಡಾಂತರ ಮಾಡಿದ್ದರು. ಕಳೆದುಹೋಯಿತು ಎಂದರೆ ನಂಬುವವರು ಯಾರು? ಕೋರ್ಟು ನಂಬಲಿಲ್ಲ. ಅಕ್ಕ ನಂಬಿದ್ದಳು. ಅದನ್ನು ಅವನ ಮುಖ ನೋಡಿ ಹೇಳಬೇಕಿತ್ತು, ಅಷ್ಟೇ.

ಗುರುವಾರ ಮಧ್ಯಾಹ್ನ ಬೂದು ಬಣ್ಣದ ಬಟ್ಟೆ ಕತ್ತರಿಸಿ ಕೂತಳು. ಅದೇ ಕೋಣೆಯಲ್ಲಿ ಮಲಗಿದ್ದ ತಾಯಿ, ಮಗ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು ಸ್ಕೂಲಿಂದ ಬಂದ ಕಥೆಯನ್ನು ನೂರನೇ ಸಲ ಹೇಳುತ್ತಿದ್ದಳು. ಟೈಲರಕ್ಕ ನಕ್ಕಳು, ಕಣ್ಣೊರೆಸಿಕೊಂಡಳು, ಹೂಂಗುಟ್ಟಿದಳು. ಕಥೆ ಮುಗಿಯುವಷ್ಟರಲ್ಲಿ ಪ್ಯಾಂಟೂ ಮುಗಿದಿತ್ತು. ಗೋಡೆ ನೋಡಿ ಒಂದೊಂದೇ ತಾಳೆ ಹಾಕಿದಳು: ಲಾಡಿಯಿಲ್ಲ, ಹುಕ್ಕಿಲ್ಲ, ಗುಂಡಿಯಿಲ್ಲ, ಜೇಬು ಎರಡೂ ಕಡೆ ಇಲ್ಲ. ಇಸ್ತ್ರಿ ಮಾಡಿ ಮಡಿಸಿಟ್ಟಳು.

ಮರುದಿನ ಗೇಟಿನ ಬಳಿ ಹೆಂಗಸರ ಸಾಲಿನಲ್ಲಿ ಎರಡು ಗಂಟೆ ನಿಂತ ಮೇಲೆ ಇವಳ ಸರದಿ ಬಂತು. ಪೇದೆ ಹೆಂಗಸು ಪ್ಯಾಂಟನ್ನು ಒಳಹೊರಗು ಮಾಡಿ ಸೊಂಟದ ಪಟ್ಟಿಯ ಗುಂಟ ಬೆರಳಾಡಿಸಿದಳು. ಎಡಗಡೆಯಲ್ಲಿ ಬೆರಳು ನಿಂತಿತು.

"ಏನಮ್ಮಾ ಇದು?"

ಟೈಲರಕ್ಕ ಬಗ್ಗಿ ನೋಡಿದಳು. ಅಯ್ಯೋ, ಹಾಳಾದ ಕೈಯೇ ಕೈಕೊಟ್ಟಿತ್ತು! ಎರಡು ಬೆರಳಗಲ, ಅಚ್ಚುಕಟ್ಟಾದ ಹೊಲಿಗೆ. ಗಾಬರಿಗೆ ಬಾಯಿ ತನಗೆ ಗೊತ್ತಿದ್ದ ಹೆಸರನ್ನೇ ಹೇಳಿಬಿಟ್ಟಿತು.

"ಕಳ್ಳಜೇಬು."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಪೇದೆ ನಗಲಿಲ್ಲ. ಅದೇ ಪದವನ್ನು ರಿಜಿಸ್ಟರಿನಲ್ಲಿ ಬರೆದಳು.

"ಅಭ್ಯಾಸ ತಾಯಿ, ಇಪ್ಪತ್ತು ವರ್ಷದ ಅಭ್ಯಾಸ. ಖಾಲಿ ಇದೆ ನೋಡಿ."

"ಖಾಲಿಯಾದ್ರೂ ಜೇಬು ಜೇಬೇ."

ಕತ್ತರಿ ತರಬಾರದೆಂದು ಮನೆಯಲ್ಲೇ ಬಿಟ್ಟು ಬಂದಿದ್ದಳು. ಅಲ್ಲೇ ನಿಂತು ಹಲ್ಲಿನಿಂದ ದಾರ ಕಡಿದಳು. ಬಿಚ್ಚಿಹೋಗದಿರಲೆಂದೇ ಎರಡೆರಡು ಸಲ ಹಾಕಿದ ಹೊಲಿಗೆ, ಸುಲಭಕ್ಕೆ ಬರುತ್ತದೆಯೇ? ಕೊನೆಗೆ ಬಟ್ಟೆ ಸಮೇತ ಹರಿದು ಬಂತು.

"ಈಗಿಲ್ಲ ನೋಡಿ."

"ಬರೆದಾಯ್ತಲ್ಲಮ್ಮಾ. ಮುಂದಿನ ತಿಂಗಳು ಬನ್ನಿ."

"ಅವನು ಸೋಮವಾರ ಹೋಗ್ತಾನೆ. ಒಂದೇ ಮಾತು ತಲುಪಿಸಿ ಸಾಕು, ಅಕ್ಕ ನಂಬಿದಾಳೆ ಅಂತ..."

ಪೇದೆ ಆಗಲೇ ಕಿಂಡಿಯ ಕಡೆ ತಿರುಗಿ ಒಳಗಿನವರಿಗೆ ಕೂಗುತ್ತಿದ್ದಳು. "ಆ ಗೋದಾಮಿನವನಿಗೆ ಯಾರೂ ಇಲ್ಲ ಅನ್ನಿ. ವಾಪಸ್ ಕರ್ಕೊಂಡ್ಹೋಗಿ."

ಅಂದರೆ ಅವನು ಆ ಗೋಡೆಯ ಆಚೆಗೇ ಬಂದು ಕೂತಿದ್ದ. ಟೈಲರಕ್ಕ ಗಂಟಲು ಹರಿಯುವಂತೆ ಕೂಗಿದಳು. ಹಿಂದಿನವರು ಇವಳನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದರು.

ಮನೆಗೆ ಬಂದಾಗ ತಾಯಿ ಎಚ್ಚರವಾಗಿಯೇ ಇದ್ದಳು.

"ನೋಡ್ದೆಯಾ? ಹೇಗಿದಾನೆ?"

"ಚೆನ್ನಾಗಿದಾನಮ್ಮ."

"ಪ್ಯಾಂಟು ಸರಿಹೋಯ್ತಾ?"

"ಅವನ ಅಳತೆ ನಂಗೆ ತಪ್ಪುತ್ತಾ? ಸರಿಹೋಯ್ತು." ಚೀಲವನ್ನು ಕಾಲಿನಿಂದ ಮಿಷನ್ನಿನ ಕೆಳಗೆ ತಳ್ಳಿದಳು.

"ಕಳ್ಳಜೇಬು ಇಟ್ಟಿದ್ದೆ ತಾನೇ? ಅವನನ್ನ ನಂಬೋ ಹಾಗಿಲ್ಲ, ಎಲ್ಲಾ ಕಳ್ಕೊಂಡು ಬರ್ತಾನೆ."

"ಇಟ್ಟಿದ್ದೆ, ಅಮ್ಮಾ" ಎಂದಳು ಟೈಲರಕ್ಕ.